ನಡವಳಿ ಪುಸ್ತಕದಲ್ಲಿ ಇಲ್ಲದ ಮಾತು

ಹೋದ ತಿಂಗಳು ಹಾಸನದಲ್ಲಿರುವ ಗೆಳೆಯನಿಗೆ ಫೋನ್ ಮಾಡಿದ್ದೆ. ಅವನು ಅಲ್ಲಿ ಕಾಲೇಜು ಮೇಷ್ಟ್ರು. ಅವತ್ತು ಬೆಳಗಿನ ಬಸ್ಸಿಗೆ ಹೋಗಿ ವಿಶ್ವವಿದ್ಯಾಲಯದ ಒಂದು ಸಭೆ ಮುಗಿಸಿಕೊಂಡು ಬಂದಿದ್ದ. ಯಾವ ವಿಶ್ವವಿದ್ಯಾಲಯ ಅನ್ನೋದು ಬೇಡ ಬಿಡಿ, ಅವನ ಅನ್ನಕ್ಕೆ ಕಲ್ಲು ಹಾಕೋದು ಯಾಕೆ. "ಎಷ್ಟು ಹೊತ್ತು ನಡೀತೋ ಸಭೆ?" ಅಂದೆ. "ಸಭೆ 40 ನಿಮಿಷ, ಊಟ ಒಂದು ಗಂಟೆ" ಅಂದ. ಅಜೆಂಡಾದಲ್ಲಿ ಎಷ್ಟು ವಿಷಯ ಇತ್ತು ಅಂದರೆ 62. ಫೋನ್ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಒಂದು ವಿಷಯಕ್ಕೆ 40 ಸೆಕೆಂಡೂ ಬರುವುದಿಲ್ಲ. ಅಜೆಂಡಾ ಪುಸ್ತಕ ಯಾವಾಗ ಕೈಗೆ ಬಂತು ಅಂತ ಕೇಳಿದರೆ, "ಕುರ್ಚಿ ಮೇಲೆ ಇಟ್ಟಿದ್ರು ಕಣೋ, ಎತ್ತಿ ಪಕ್ಕಕ್ಕಿಟ್ಟು ಕೂತ್ಕೊಂಡೆ" ಅಂದ.

ಇಬ್ಬರೂ ನಕ್ಕೆವು. ಆಮೇಲೆ ಅವನು ಸ್ವಲ್ಪ ಸುಮ್ಮನಾದ. ಆ 62ರಲ್ಲಿ 14ನೇ ವಿಷಯ ಅವನಿಗೆ ಸಂಬಂಧಪಟ್ಟದ್ದು. ಅವನು ಇತಿಹಾಸದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಹಳೇಬೀಡು, ದೊಡ್ಡಗದ್ದವಳ್ಳಿ ಕಡೆ ಕರೆದುಕೊಂಡು ಹೋಗಿ ಶಾಸನ ಓದೋದು ಕಲಿಸುವ ಒಂದು ಪತ್ರಿಕೆ ಇತ್ತು. ಅದನ್ನು ಸಿಲಬಸ್ಸಿನಿಂದ ತೆಗೆಯುವ ವಿಷಯ ಅದು. ಹಲ್ಮಿಡಿ ಇರುವ ಜಿಲ್ಲೆಯಲ್ಲಿ ಶಾಸನ ಓದೋದು ಕಲಿಸುವ ಪತ್ರಿಕೆಯೇ ಬೇಡ ಅಂದರೆ ಅವನಿಗೆ ಹೊಟ್ಟೆ ಉರಿಯದೆ ಇರುತ್ತದಾ. ಎದ್ದು ಹೇಳಬೇಕು ಅಂತ ಗಂಟಲು ಸರಿ ಮಾಡಿಕೊಳ್ಳುವ ಹೊತ್ತಿಗೆ ಸಭೆ 17ನೇ ವಿಷಯಕ್ಕೆ ಬಂದಿತ್ತಂತೆ. "ಊಟದ ಹೊತ್ತಲ್ಲಿ ಹೇಳ್ದೆ. ಎಲ್ರೂ ಹೌದು ಹೌದು, ನೀವು ಹೇಳೋದು ಸರಿ ಅಂದ್ರು" ಅಂದ. ಎಲ್ಲರೂ ಹೌದು ಅಂದ ಮೇಲೂ ಪತ್ರಿಕೆ ಹೋಯಿತು. ನಡವಳಿಯಲ್ಲಿ, ಅಂದರೆ ಸಭೆಯಲ್ಲಿ ಏನಾಯಿತು ಅಂತ ಬರೆದಿಡುವ ದಾಖಲೆಯಲ್ಲಿ, 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅಂತ ಬರುತ್ತದೆ. ಸರ್ವರಲ್ಲಿ ಇವನೂ ಸೇರಿದ.

ಆ ಊಟದ ಹೊತ್ತಿನ ಮಾತು ಒಂದು ವಾರ ನನ್ನ ತಲೆಯಲ್ಲೇ ಇತ್ತು. ಯಾಕೆಂದರೆ ನಡವಳಿ ಬರೆಯುವುದೇ ನನ್ನ ಕೆಲಸ.

ನಾನು 16 ವರ್ಷದಿಂದ ಸ್ಕಾಟ್ಲೆಂಡಿನಲ್ಲಿದ್ದೇನೆ. ಊರು ಆಲೂರು ಕಡೆ. ಡಿಗ್ರಿ ಹಾಸನದಲ್ಲಿ, ಸರ್ಟಿಫಿಕೇಟು ಮೈಸೂರು ವಿಶ್ವವಿದ್ಯಾಲಯದ್ದು. ಇಲ್ಲಿ ಒಂದು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ, ಸೆನೆಟ್ಟಿನ ಒಂದು ಸಮಿತಿಗೆ ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ಕಾಗದ ಕಳಿಸೋದು, ಕೋರಂ ಎಣಿಸೋದು (ಸಭೆ ನಡೆಸೋಕೆ ಬೇಕಾದಷ್ಟು ಜನ ಇದ್ದಾರಾ ಅಂತ), ಯಾರು ಏನು ಹೇಳಿದರು ಅಂತ ಬರೆಯೋದು. ಅಪ್ಪ ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಸೆಕ್ರೆಟ್ರಿ ಆಗಿದ್ದರು. ಅವರೂ 20 ವರ್ಷ ನಡವಳಿ ಬರೆದವರೇ. "ಅಪ್ಪನೂ ಅದೇ ಬರೀತಿತ್ತು, ಮಗನೂ ಅದೇ ಬರೀತಾನೆ, ಅದಕ್ಯಾಕೆ ವಿಮಾನ ಹತ್ತಿ ಹೋಗ್ಬೇಕಿತ್ತು" ಅಂತ ಅವ್ವ ಈಗಲೂ ಕೇಳುತ್ತಾಳೆ. ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಇಲ್ಲಿನ ಏರ್ಪಾಡು ಸ್ವಲ್ಪ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಹಳೇ ವಿಶ್ವವಿದ್ಯಾಲಯಗಳು ನಾಲ್ಕು. ಸೇಂಟ್ ಆಂಡ್ರೂಸ್ 1413ರದ್ದು, ಗ್ಲಾಸ್ಗೋ 1451, ಅಬರ್ಡೀನ್ 1495, ಎಡಿನ್‌ಬರೋ 1583. ನಮ್ಮಲ್ಲಿ ವಿಜಯನಗರದವರು ಆಳುತ್ತಿದ್ದಾಗಲೇ ಇಲ್ಲಿ ಮೊದಲನೆಯದು ಶುರುವಾಗಿತ್ತು. ನಮ್ಮ ಮೈಸೂರಿನದು 1916. ಇಲ್ಲಿ ವಿಶ್ವವಿದ್ಯಾಲಯಕ್ಕೆ ಎರಡು ಮನೆ ಅಂದುಕೊಳ್ಳಿ. ಒಂದು ಕೋರ್ಟ್. ಹೆಸರು ಕೇಳಿ ಹೆದರಬೇಡಿ, ಜಡ್ಜು ವಕೀಲರು ಯಾರೂ ಇರುವುದಿಲ್ಲ. ದುಡ್ಡು, ಕಟ್ಟಡ, ನೌಕರಿ ಎಲ್ಲ ಅದರ ಕೈಯಲ್ಲಿ. ಇನ್ನೊಂದು ಸೆನೆಟ್. ಪಾಠ, ಪರೀಕ್ಷೆ, ಪದವಿ ಅದಕ್ಕೆ ಸೇರಿದ್ದು. ಹಳೇ ವಿಶ್ವವಿದ್ಯಾಲಯಗಳಿಗೆ ಕೋರ್ಟನ್ನು ಕೊಟ್ಟಿದ್ದು 1858ರ ಕಾಯ್ದೆ. 2016ರಲ್ಲಿ ಬಂದ ಇನ್ನೊಂದು ಕಾಯ್ದೆ ಸೆನೆಟ್ ಥರದ ಸಭೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆರಿಸಿ ಬಂದವರಾಗಿರಬೇಕು, ಅವರಲ್ಲಿ ವಿದ್ಯಾರ್ಥಿಗಳೂ ಇರಬೇಕು ಅಂತ ಹೇಳಿತು.

ಇನ್ನೊಂದು ವಿಚಿತ್ರ ಇದೆ. ಹಳೇ ವಿಶ್ವವಿದ್ಯಾಲಯಗಳಲ್ಲಿ ರೆಕ್ಟರ್ ಅಂತ ಒಂದು ಹುದ್ದೆ. ಅವರನ್ನು ವಿದ್ಯಾರ್ಥಿಗಳು ಓಟು ಹಾಕಿ ಆರಿಸುತ್ತಾರೆ, ಎಡಿನ್‌ಬರೋದಲ್ಲಿ ನೌಕರರೂ ಓಟು ಹಾಕುತ್ತಾರೆ. ಆ ರೆಕ್ಟರ್ ಕೋರ್ಟಿನ ಅಧ್ಯಕ್ಷತೆ ವಹಿಸುವ ಹಕ್ಕುಳ್ಳವರು. 1972ರಲ್ಲಿ ಎಡಿನ್‌ಬರೋದಲ್ಲಿ ಓದುತ್ತಿದ್ದ ಹುಡುಗನೊಬ್ಬನೇ ಗೆದ್ದು ಮೂರು ವರ್ಷ ದೊಡ್ಡ ದೊಡ್ಡ ಪ್ರೊಫೆಸರುಗಳ ಸಭೆಯನ್ನು ನಡೆಸಿದ. ಅವನ ಹೆಸರು ಗಾರ್ಡನ್ ಬ್ರೌನ್, 2007ರಲ್ಲಿ ಬ್ರಿಟನ್ನಿನ ಪ್ರಧಾನಿ ಆದವರು. 2014ರಲ್ಲಿ ಗ್ಲಾಸ್ಗೋ ಹುಡುಗರು, ಅಮೆರಿಕ ಸರ್ಕಾರದ ಗುಟ್ಟಿನ ಕಾಗದ ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್‌ನನ್ನು ಆರಿಸಿದರು. ಅವನು ರಷ್ಯಾ ಬಿಟ್ಟು ಬರುವ ಹಾಗಿರಲಿಲ್ಲ, ಆದರೂ ಆರಿಸಿದರು. ನನ್ನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ನಂಬಲೇ ಇಲ್ಲ. "ನಮ್ಮಲ್ಲಿ ಹುಡುಗರು ಸ್ಟಾಫ್ ರೂಮಿನ ಬಾಗಿಲ ಹತ್ರ ಬಂದ್ರೇ ಪ್ರಿನ್ಸಿಪಾಲ್ರು ಏನಪ್ಪ ಅಂತಾರೆ" ಅಂದ.

ಸರಿ, ನಮ್ಮ ಸಮಿತಿ ಹೇಗೆ ನಡೆಯುತ್ತದೆ ಅಂದರೆ, ಸಭೆಗೆ ಏಳು ದಿನ ಮುಂಚೆ ಕಾಗದ ಹೋಗಬೇಕು. ಹೋಗದಿದ್ದರೆ ಬೈಸಿಕೊಳ್ಳುವವನು ನಾನು. ಪ್ರತಿ ಕಾಗದಕ್ಕೂ ಮೇಲೆ ಒಂದು ಹಾಳೆ. ಇದರಲ್ಲಿ ಸಮಿತಿ ಏನು ಮಾಡಬೇಕು ಅಂತ ಅದರಲ್ಲಿ ಬರೆದಿರಬೇಕು. ಒಪ್ಪಿಗೆ ಕೊಡಬೇಕಾ, ಚರ್ಚೆ ಮಾಡಬೇಕಾ, ಸುಮ್ನೆ ಗಮನಕ್ಕಾ. ಹಿಂದೆ ಯಾವ ಸಮಿತಿ ನೋಡಿದೆ, ಖರ್ಚು ಎಷ್ಟು, ಯಾರಿಗೆ ತೊಂದರೆ ಆಗಬಹುದು ಅನ್ನೋದೂ ಇರಬೇಕು. ಹೋದ ಸಲ ಒಟ್ಟು 186 ಪುಟ ಆಯಿತು. ಎಲ್ಲರೂ ಓದಿಕೊಂಡು ಬರುತ್ತಾರೆ ಅಂತ ನಾನು ಹೇಳೋಲ್ಲ. ರೈಲಿನಲ್ಲಿ ಮೊದಲ ಹಾಳೆ ಮಾತ್ರ ನೋಡಿಕೊಂಡು ಬರುವವರು ಇಲ್ಲೂ ಇದ್ದಾರೆ, ಮುಖ ನೋಡಿದರೇ ಗೊತ್ತಾಗುತ್ತದೆ. ಆದರೆ ಓದಬೇಕು ಅನ್ನುವವನಿಗೆ ಏಳು ದಿನ ಸಿಗುತ್ತದೆ. ಓದಿದವನು ಒಬ್ಬನೇ ಇದ್ದರೂ ಸಾಕು, ಮಿಕ್ಕವರು ಹುಷಾರಾಗುತ್ತಾರೆ.

ಸಭೆ ಶುರುವಾದ ಕೂಡಲೇ ಯಾವುದಾದರೂ ವಿಷಯದಲ್ಲಿ ತಮ್ಮ ಸ್ವಂತ ಲಾಭನಷ್ಟ ಇದ್ದವರು ಹೇಳಿಕೊಳ್ಳಬೇಕು. "5ನೇ ವಿಷಯದ ಕಂಪನಿಯಲ್ಲಿ ನನ್ನ ಹೆಂಡತಿ ಕೆಲಸ ಮಾಡುತ್ತಾಳೆ" ಅಂತ ಒಬ್ಬರು ಹೇಳಿದರು, ಆ ವಿಷಯ ಬಂದಾಗ ಎದ್ದು ಹೊರಗೆ ಹೋದರು. ಯಾರೂ ಅದನ್ನು ದೊಡ್ಡ ತ್ಯಾಗ ಅಂತ ಅಂದುಕೊಳ್ಳಲಿಲ್ಲ. ಅಧ್ಯಕ್ಷರು ಆದಷ್ಟು ಕೊನೆಗೆ ಮಾತಾಡುತ್ತಾರೆ. ಇದು ನನಗೆ ಮೊದಲು ವಿಚಿತ್ರ ಅನಿಸಿತ್ತು, ಯಾಕೆಂದರೆ ನಾನು ಕಂಡ ಸಭೆಗಳಲ್ಲೆಲ್ಲ ದೊಡ್ಡವರು ಮೊದಲು ಮಾತಾಡುತ್ತಿದ್ದರು, ಅವರು ಮಾತಾಡಿದ ಮೇಲೆ ಮಿಕ್ಕವರಿಗೆ ತಲೆ ಆಡಿಸುವುದೊಂದೇ ಉಳಿಯುತ್ತಿತ್ತು. ತಿಂಡಿ ವಿಷಯ ಮಾತ್ರ ಕೇಳಬೇಡಿ. ಮೊದಲು ಬಿಸ್ಕತ್ತಾದರೂ ಇರುತ್ತಿತ್ತು. ಈಗ ಖರ್ಚು ಕಡಿತ ಅಂತ ನೀರು ಮಾತ್ರ. ನಮ್ಮ ಕಡೆ ಖಾರಾಬೂಂದಿ, ಮೈಸೂರು ಪಾಕು, ಕಾಫಿ ಇಲ್ಲದ ಸಭೆಗೆ ಯಾರಾದರೂ ಬರುತ್ತಾರಾ?

ಇವರ ಮಾತಿಗೂ ಒಂದು ನಿಘಂಟು ಬೇಕು. "ನನಗೆ ಸ್ವಲ್ಪ ಗೊಂದಲ ಇದೆ" ಅಂದರೆ ನೀನು ಹೇಳ್ತಿರೋದು ತಪ್ಪು ಅಂತ ಅರ್ಥ. "ಕುತೂಹಲಕಾರಿ ಕಾಗದ" ಅಂದರೆ ಇದು ಪಾಸಾಗೋಲ್ಲ. ನನಗೆ ಇದನ್ನು ಕಲಿಯೋದು ಕಷ್ಟ ಆಗಲಿಲ್ಲ, ಹಾಸನದವನಲ್ವಾ. ನಮ್ಮಲ್ಲೂ ಮುಖಕ್ಕೆ ಇಲ್ಲ ಅಂತ ಯಾರು ಹೇಳುತ್ತಾರೆ? "ನೋಡೋಣ ಬಿಡಿ" ಅನ್ನುತ್ತೇವೆ. ಮದುವೆ ಸಂಬಂಧಕ್ಕೂ ಅದೇ, ಸಾಲ ಕೇಳಿದವನಿಗೂ ಅದೇ. ಕೇಳಿದವನಿಗೂ ಅರ್ಥ ಆಗುತ್ತದೆ, ಎದ್ದು ಹೋಗುತ್ತಾನೆ.

ಈಗ ನಾನು ಹೇಳಬೇಕು ಅಂತಿರುವ ಕಥೆಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಸಮಿತಿಯ ಮುಂದೆ ಒಂದು ಕಾಗದ ಬಂತು. ವಿದ್ಯಾರ್ಥಿಗಳು ಅಸೈನ್‌ಮೆಂಟ್ ತಡವಾಗಿ ಕೊಟ್ಟರೆ ದಿನಕ್ಕೆ 5 ಅಂಕ ಕಳೆಯುತ್ತಿದ್ದರು. ಅದನ್ನು 10 ಮಾಡಬೇಕು ಅಂತ. ಮೇಷ್ಟ್ರುಗಳೆಲ್ಲ ಸರಿ ಅಂದರು. ವಿದ್ಯಾರ್ಥಿ ಸಂಘದಿಂದ ಬಂದಿದ್ದ ಹುಡುಗಿ ಒಬ್ಬಳು ಬೇಡ ಅಂದಳು. 20 ವರ್ಷ ಇರಬಹುದು. ರಾತ್ರಿ ಪಾಳಿ ಕೆಲಸ ಮಾಡಿಕೊಂಡು ಓದುವವರಿಗೆ ಇದರಿಂದ ಪೆಟ್ಟು ಬೀಳುತ್ತದೆ, ಸೋಮಾರಿಗಳಿಗೆ 5 ಆದರೂ ಅಷ್ಟೇ 10 ಆದರೂ ಅಷ್ಟೇ ಅಂದಳು. ಅವಳ ವಿಭಾಗದ ಪ್ರೊಫೆಸರೇ ಎದುರಿಗೆ ಕೂತಿದ್ದರು. ಕೈ ಎತ್ತಿಸಿದಾಗ 11 ಮಂದಿ ಬೇಕು ಅಂದರು, 3 ಮಂದಿ ಬೇಡ ಅಂದರು. ಆಗ ಅವಳು ಎರಡು ಮಾತು ಕೇಳಿಕೊಂಡಳು: ತಾನು ಒಪ್ಪಲಿಲ್ಲ ಅನ್ನೋದನ್ನು ಕಾರಣದ ಜೊತೆ ಬರೆಯಬೇಕು, ಒಂದು ವರ್ಷ ಆದ ಮೇಲೆ ಇದನ್ನು ಮತ್ತೆ ನೋಡಬೇಕು.

ನಾನು ನಡವಳಿಯ ಕರಡು ಮಾಡಿದೆ. ಮೇಲಿನವರೊಬ್ಬರು ನೋಡಿ "ಇಷ್ಟು ವಿವರ ಬೇಕಾ?" ಅಂದರು. ಬೇಡ ಅಂತ ಅವರು ಹೇಳಲಿಲ್ಲ ನೋಡಿ. ಆದರೂ ನಾನು ತೆಗೆದುಬಿಟ್ಟೆ. ಆ ಎರಡು ಸಾಲು ತೆಗೆಯಲು ನನಗೆ ಎರಡು ಸೆಕೆಂಡ್ ಸಾಕಾಯಿತು. ಮುಂದಿನ ಸಭೆಯಲ್ಲಿ ಮೊದಲ ವಿಷಯ, ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಜಗತ್ತಿನ ಯಾವ ಮೂಲೆಯಲ್ಲಾದರೂ ಈ ವಿಷಯ ಬಂದಾಗ ಜನ ಪೆನ್ನು ಹುಡುಕುತ್ತಾ ಇರುತ್ತಾರೆ. ಆ ಹುಡುಗಿ ಕೈ ಎತ್ತಿದಳು. "ನಾನು ಹೇಳಿದ್ದು ಇದರಲ್ಲಿಲ್ಲ" ಅಂದಳು. ಎಲ್ಲರೂ ನನ್ನ ಕಡೆ ನೋಡಿದರು. ಕಿವಿ ಬಿಸಿಯಾಯಿತು. ಅಧ್ಯಕ್ಷರು "ಸರಿ, ಸೇರಿಸಿ" ಅಂದರು, ಸೇರಿಸಿದೆ.

14 ತಿಂಗಳಾದ ಮೇಲೆ ಇನ್ನೊಬ್ಬ ವಿದ್ಯಾರ್ಥಿ ಪ್ರತಿನಿಧಿ ಬಂದ. ಹಳೇ ನಡವಳಿ ಹುಡುಕಿ ತೆಗೆದು, ಒಂದು ವರ್ಷಕ್ಕೆ ನೋಡ್ತೀವಿ ಅಂತ ಇದರಲ್ಲಿ ಇದೆಯಲ್ಲ, ಯಾವಾಗ ನೋಡ್ತೀರಿ ಅಂದ. ಅಷ್ಟು ಹೊತ್ತಿಗೆ ರಿಯಾಯಿತಿ ಕೇಳುವ ಅರ್ಜಿಗಳು ರಾಶಿ ಬಿದ್ದಿದ್ದವು, ಮೇಷ್ಟ್ರುಗಳಿಗೂ ಸಾಕಾಗಿತ್ತು. 10 ಮತ್ತೆ 5 ಆಯಿತು. ಆ ಹುಡುಗಿ ಓದು ಮುಗಿಸಿ ಎಲ್ಲಿಗೋ ಕೆಲಸಕ್ಕೆ ಹೋಗಿದ್ದಳು. ಅವಳಿಗೆ ಇದು ಗೊತ್ತಾಯಿತೋ ಇಲ್ಲವೋ.

ಅವತ್ತಿನಿಂದ ನಾನು ಬೇಡ ಅಂದವರ ಮಾತನ್ನು ಮೊದಲು ಬರೆದುಕೊಳ್ಳುತ್ತೇನೆ. ಬೇಕು ಅಂದವರದ್ದು ಹೇಗೂ ಠರಾವಿನಲ್ಲಿ ಬಂದೇ ಬರುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲೂ ಸೆನೆಟ್ ಇತ್ತು ಅಂತ ಈಗಿನವರಿಗೆ ಗೊತ್ತಿರೋಲ್ಲ. 1976ರ ಕಾಯ್ದೆಯಲ್ಲಿ ಸೆನೆಟ್, ಆಡಳಿತ ನೋಡುವ ಸಿಂಡಿಕೇಟ್, ಪಾಠದ ವಿಷಯ ನೋಡುವ ಅಕಾಡೆಮಿಕ್ ಕೌನ್ಸಿಲ್ ಮೂರೂ ಇದ್ದವು. 2000ದ ಕಾಯ್ದೆ ಬಂದಾಗ ಸೆನೆಟ್ ಹೋಯಿತು. ಈಗ ಸಿಂಡಿಕೇಟೇ ದೊಡ್ಡದು. ಅದರಲ್ಲಿ ಸರ್ಕಾರ ನಾಮಕರಣ ಮಾಡಿದವರು, ಕುಲಾಧಿಪತಿಗಳು ಅಂದರೆ ರಾಜ್ಯಪಾಲರು ನಾಮಕರಣ ಮಾಡಿದವರು ಇರುತ್ತಾರೆ. ಸಿಂಡಿಕೇಟಿಗೂ ಅಕಾಡೆಮಿಕ್ ಕೌನ್ಸಿಲ್ಲಿಗೂ ಕುಲಪತಿಗಳೇ ಅಧ್ಯಕ್ಷರು. ಹಳೇ ಸೆನೆಟ್ಟಿನಲ್ಲಿ ಬರೀ ಭಾಷಣ ಆಗುತ್ತಿತ್ತು, ಕೆಲಸ ಆಗುತ್ತಿರಲಿಲ್ಲ ಅಂತ ಹೇಳುವ ಹಿರಿಯ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ. ಇರಬಹುದು. ಆದರೆ ಭಾಷಣ ಮಾಡುವ ಜಾಗವನ್ನೇ ತೆಗೆದರೆ ಭಾಷಣ ಊಟದ ಮನೆಗೆ ಹೋಗುತ್ತದೆ, ನನ್ನ ಗೆಳೆಯನ ವಿಷಯದಲ್ಲಿ ಆದ ಹಾಗೆ.

ನಮ್ಮಲ್ಲಿ ನಿಯಮ ಇಲ್ಲ ಅಂತೇನಿಲ್ಲ. ಕೋರಂ ಇದೆ, ಮುಂಚಿತವಾಗಿ ನೋಟಿಸ್ ಕೊಡಬೇಕು ಅಂತಿದೆ. ಅದರ ಪಕ್ಕದಲ್ಲೇ ಒಂದೊಂದು ಕಿಂಡಿಯೂ ಇದೆ. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು' ಅನ್ನೋದು ಮೊದಲನೆಯ ಕಿಂಡಿ. 'ಟೇಬಲ್ ಅಜೆಂಡಾ' ಎರಡನೆಯದು, ಯಾರೂ ಓದಿರಬಾರದು ಅನ್ನುವ ಕಾಗದವನ್ನು ಸಭೆ ಶುರುವಾದ ಮೇಲೆ ಹಂಚೋದು. ಮೂರನೆಯದು ನನಗೆ ಬಹಳ ಇಷ್ಟವಾದ ಪದ, 'ಘಟನೋತ್ತರ ಅನುಮೋದನೆ'. ಅಂದರೆ ಆಗಬೇಕಾದ್ದು ಆಗಿಹೋಗಿದೆ, ನೀವು ಈಗ ಹೂಂ ಅನ್ನಿ. ಇಲ್ಲೂ ಅಧ್ಯಕ್ಷರು ತುರ್ತಿಗೆ ತಾವೇ ತೀರ್ಮಾನ ಮಾಡಿ ಆಮೇಲೆ ಸಭೆಗೆ ತಿಳಿಸುವ ಪದ್ಧತಿ ಇದೆ. ಆದರೆ ನಮ್ಮ ಸಮಿತಿಯಲ್ಲಿ ಪ್ರತಿ ಸಲವೂ ಅದಕ್ಕೆ ಒಂದು ಪಟ್ಟಿ, ಯಾಕೆ ತುರ್ತು ಅನ್ನೋದಕ್ಕೆ ಒಂದು ಸಾಲು ಕೊಡಬೇಕು. ಪಟ್ಟಿ ಉದ್ದ ಆದರೆ ಜನ ಗೊಣಗುತ್ತಾರೆ.

ನನ್ನ ಗೆಳೆಯ ಯಾಕೆ ಎದ್ದು ನಿಲ್ಲಲಿಲ್ಲ? ಹೆದರುಪುಕ್ಕಲ ಅನ್ನೋದು ಸುಲಭ, ಇಷ್ಟು ದೂರದಲ್ಲಿ ಕೂತು ನಾನು ಹೇಳಿದರೆ ಇನ್ನೂ ಸುಲಭ. ಅವನಿಗೆ ಬಡ್ತಿಯ ಫೈಲು ಒಂದು ಮೇಜಿನ ಮೇಲಿದೆ. ವರ್ಗಾವಣೆ ಅನ್ನೋದು ಯಾವತ್ತೂ ತಲೆ ಮೇಲೆ ತೂಗುತ್ತಿರುತ್ತದೆ. ಸಭೆಯಲ್ಲಿ ಕೂತ ಅರ್ಧ ಜನ ಯಾರದೋ ದಯೆಯಿಂದ ಅಲ್ಲಿ ಕೂತಿದ್ದಾರೆ, ಆ ದಯೆಯ ಎದುರು ಮಾತಾಡೋದು ಹೇಗೆ. ಇನ್ನು ದಿನವೂ ತರಗತಿಗೆ ಹೋಗಿ ನಿಜವಾಗಿ ಪಾಠ ಮಾಡುವ ಅತಿಥಿ ಉಪನ್ಯಾಸಕರು ಸಾವಿರಾರು ಜನ ರಾಜ್ಯದಲ್ಲಿದ್ದಾರೆ. ಅವರು ಈ ಸಭೆಗಳ ಹತ್ತಿರಕ್ಕೂ ಬರುವ ಹಾಗಿಲ್ಲ. ಸಿಲಬಸ್ ಬದಲಾಗಿದ್ದು ಅವರಿಗೆ ಪುಸ್ತಕದ ಅಂಗಡಿಯಲ್ಲಿ ಗೊತ್ತಾಗುತ್ತದೆ.

ಇಷ್ಟು ಕೇಳಿದ ಮೇಲೆ, ನಮ್ಮವರಿಗೆ ಸಭೆ ನಡೆಸೋಕೆ ಬರೋಲ್ಲ, ಬಿಳಿಯರಿಗೆ ಬರುತ್ತೆ ಅಂತ ನಾನು ಹೇಳುತ್ತೇನೆ ಅಂದುಕೊಂಡಿರಬಹುದು. ಹೊರಗೆ ಹೋದವರು ಬರೆಯೋದೆಲ್ಲ ಹಾಗೇ ಇರುತ್ತದೆ, ಅಲ್ವಾ. ಆದರೆ ನಾನು ಕಂಡ ಸಭೆಗಳಲ್ಲಿ ಗಟ್ಟಿ ಸಭೆ ಯಾವುದು ಅಂದರೆ ಅಪ್ಪನ ಹಾಲಿನ ಸೊಸೈಟಿಯ ಮಹಾಸಭೆ.

ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆ ಸೊಸೈಟಿಗಳ ಮಹಾಸಭೆಯ ಕಾಲ. ಶಾಲೆ ಮುಂದೆ ಶಾಮಿಯಾನ ಹಾಕಿಸುತ್ತಿದ್ದರು. ಜಮಾಖರ್ಚನ್ನು ಅಚ್ಚು ಹಾಕಿಸಿ ಮುಂಚೆಯೇ ಮನೆಮನೆಗೆ ಕೊಡುತ್ತಿದ್ದರು. ಓದು ಬರದವರು ಮಕ್ಕಳ ಹತ್ತಿರ ಓದಿಸಿಕೊಳ್ಳುತ್ತಿದ್ದರು, ನಾನೂ ಪಕ್ಕದ ಮನೆಯ ಅಜ್ಜನಿಗೆ ಓದಿದ್ದೇನೆ. ಹಿಂಡಿ ಲೆಕ್ಕ ಬಂದಾಗ ಆತ ನಿಲ್ಲಿಸಿ ಇನ್ನೊಂದು ಸಲ ಓದು ಅನ್ನುತ್ತಿದ್ದ. ಒಂದು ವರ್ಷದ ಸಭೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಲೆಕ್ಕ ಓದುತ್ತಿದ್ದಾರೆ, ನಮ್ಮ ದೊಡ್ಡಪ್ಪ ಎದ್ದು ನಿಂತರು. ದೊಡ್ಡಪ್ಪ ಅಂದರೆ ಅಪ್ಪನ ಸ್ವಂತ ಅಣ್ಣ, ಅವತ್ತು ಬೆಳಗ್ಗೆ ನಮ್ಮ ಮನೆಯಲ್ಲೇ ರೊಟ್ಟಿ ತಿಂದು ಬಂದವರು. "ಅಲ್ಲ ಕಣಪ್ಪ ಸೆಕ್ರೆಟ್ರಿ, ಕ್ಯಾನ್ ರಿಪೇರಿಗೆ 2,300 ರೂಪಾಯಿ ಅಂತ ಬರ್ದಿದ್ದೀಯ. ಅದೇ ವರ್ಷ ಹೊಸ ಕ್ಯಾನೂ ತಂದಿದ್ದೀಯ. ರಿಪೇರಿ ಮಾಡ್ಸಿದ್ ಕ್ಯಾನ್ ಎಲ್ಲೈತೆ, ತೋರ್ಸು" ಅಂದರು. ತಮ್ಮ ಅನ್ನಲಿಲ್ಲ, ಸೆಕ್ರೆಟ್ರಿ ಅಂದರು. ಸಭೆ ಅಂದರೆ ಸಭೆ.

ಅರ್ಧ ಗಂಟೆ ಕ್ಯಾನಿನ ಮೇಲೆ ಚರ್ಚೆ ಆಯಿತು. ಹಳೇ ಕ್ಯಾನುಗಳಲ್ಲಿ ಎರಡು ಬೇರೆಲ್ಲೋ ಉಳಿದಿದ್ದವು ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ವಿಷಯ. ರಾತ್ರಿ ಅಪ್ಪ ಲಾಟೀನು ಹತ್ತಿರ ಎಳೆದುಕೊಂಡು, ಕರೆಂಟ್ ಇರಲಿಲ್ಲ, ನಡವಳಿ ಪುಸ್ತಕದಲ್ಲಿ ಬರೆದರು: 'ಕ್ಯಾನ್ ದುರಸ್ತಿ ಖರ್ಚಿಗೆ ಸದರಿ ಸದಸ್ಯರು ಒಪ್ಪದೆ ಆಕ್ಷೇಪಿಸಿದರು. ವಿವರವನ್ನು ಮುಂದಿನ ಸಭೆಗೆ ತರತಕ್ಕದ್ದು.' ನಾನು ಆಗ ಹೈಸ್ಕೂಲು. ನಿಮ್ಮ ಮೇಲೆ ಬಂದ ಮಾತನ್ನು ನೀವೇ ಯಾಕೆ ಬರೀತೀರಿ ಅಂತ ಕೇಳಿದೆ. "ಬರೀದಿದ್ರೆ ಅವನು ಊರೆಲ್ಲ ಹೇಳ್ಕೊಂಡು ತಿರುಗ್ತಾನೆ. ಬರೆದ್ರೆ ಎರಡು ಸಾಲು, ಮುಗೀತು" ಅಂದರು. ಇಲ್ಲಿ ನಮ್ಮ ಕಚೇರಿಯಲ್ಲಿ ನಡವಳಿ ಬರೆಯೋದು ಹೇಗೆ ಅಂತ ಎರಡು ದಿನ ತರಬೇತಿ ಕೊಟ್ಟರು. ಇಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ.

ಸೊಸೈಟಿಯನ್ನು ತೀರಾ ಹೊಗಳಿದ ಹಾಗೂ ಆಗಬಾರದು. ಚುನಾವಣೆ ವರ್ಷ ಪಾರ್ಟಿ, ಪಂಗಡ, ಗುಂಡು ಎಲ್ಲ ಇರುತ್ತಿತ್ತು. ಹಾಲು ಕರೆಯೋರು ಹೆಂಗಸರು, ಪುಸ್ತಕದಲ್ಲಿ ಹೆಸರು ಗಂಡಸರದ್ದು. ಅವ್ವ ಯಾವತ್ತೂ ಆ ಶಾಮಿಯಾನದಲ್ಲಿ ಮಾತಾಡಿದ್ದು ನಾನು ಕಂಡಿಲ್ಲ, ಮನೆಗೆ ಬಂದ ಮೇಲೆ ಮಾತ್ರ ಎಲ್ಲರಿಗೂ ಬೈಗುಳ. ಆದರೆ ಆ ಸಭೆಯಲ್ಲಿ ಕೂತವರು ಹಾಲು ಹಾಕಿ ಸದಸ್ಯರಾದವರು. ಯಾರೋ ನಾಮಕರಣ ಮಾಡಿ ಕಳಿಸಿದವರಲ್ಲ. ಬಾಯಿ ಬರುವುದು ಅದರಿಂದಲೇ ಅಂತ ನನಗನಿಸುತ್ತದೆ. ಅದೇ ದೊಡ್ಡಪ್ಪನನ್ನು ತಂದು ಸಿಂಡಿಕೇಟಿನಲ್ಲಿ ಕೂರಿಸಿದರೆ ಅವರೂ ಸುಮ್ಮನೆ ಇರುತ್ತಿದ್ದರೋ ಏನೋ.

ಇಲ್ಲಿನವರದ್ದೂ ಎಲ್ಲ ಸರಿ ಅಂತಿಲ್ಲ. ನಮ್ಮ ಪಕ್ಕದ ಡಂಡಿ ವಿಶ್ವವಿದ್ಯಾಲಯದ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕೋರ್ಟ್ ಇತ್ತು, ಸೆನೆಟ್ ಇತ್ತು, ಸಮಿತಿಗಳಿಗಂತೂ ಲೆಕ್ಕವಿಲ್ಲ. ಆದರೂ 2024ರ ಕೊನೆಗೆ ಇದ್ದಕ್ಕಿದ್ದ ಹಾಗೆ ದೊಡ್ಡ ಕೊರತೆ ಹೊರಗೆ ಬಂತು. 3.5 ಕೋಟಿ ಪೌಂಡು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2025ರ ಮಾರ್ಚಿನಲ್ಲಿ 632 ನೌಕರಿ ತೆಗೆಯಬೇಕಾಗುತ್ತದೆ ಅಂದರು. ಜೂನ್‌ನಲ್ಲಿ ತನಿಖೆಯ ವರದಿ ಬಂತು. ದುಡ್ಡಿನ ಉಸ್ತುವಾರಿ ಕೆಟ್ಟಿತ್ತು, ಮೇಲಿನವರನ್ನು ಪ್ರಶ್ನೆ ಮಾಡುವ ವಾತಾವರಣ ಇರಲಿಲ್ಲ ಅನ್ನೋದು ಅದರ ತಿರುಳು. ಅಂದರೆ ಏಳು ದಿನ ಮುಂಚೆ ಕಾಗದ, ಮೇಲೆ ಒಂದು ಹಾಳೆ, ಎಲ್ಲ ಇದ್ದೂ ಹೀಗಾಗಬಹುದು. ನಾನೂ ಎಷ್ಟೋ ಸಲ ಕಂಡಿದ್ದೇನೆ, ತೊಡಕಿನ ವಿಷಯವನ್ನು 'ಗಮನಕ್ಕೆ' ಅನ್ನುವ ಪಟ್ಟಿಯಲ್ಲಿ ಸೇರಿಸಿ, ನೂರನೇ ಪುಟದ ಆಚೆ ಹಾಕಿ, ಚರ್ಚೆಯೇ ಇಲ್ಲದೆ ದಾಟಿಸಿಬಿಡುತ್ತಾರೆ. ಹಾಗೆ ಸೇರಿಸಿದ್ದು ನಾನೇ ಆಗಿದ್ದ ದಿನವೂ ಇದೆ. ನಮ್ಮ ಟೇಬಲ್ ಅಜೆಂಡಾದಲ್ಲಿ ಓದೋಕೆ ಟೈಮೇ ಕೊಡೋಲ್ಲ, ಇವರು 186 ಪುಟ ಕೊಟ್ಟು ಓದು ಅನ್ನುತ್ತಾರೆ.

ಆದರೆ ಇವರಲ್ಲಿ ಗಟ್ಟಿಯಾಗಿ ಬೇಡ ಅಂದ ದಿನಗಳೂ ದಾಖಲೆಯಲ್ಲಿ ಇವೆ. 1985ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಮೇಷ್ಟ್ರುಗಳ ಸಭೆಯ ಮುಂದೆ ಅಲ್ಲೇ ಓದಿದ್ದ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಗೌರವ ಡಾಕ್ಟರೇಟ್ ಕೊಡುವ ವಿಷಯ ಬಂತು. ಓದಿನ ಮೇಲಿನ ಖರ್ಚನ್ನು ಅವರ ಸರ್ಕಾರ ಕಡಿತ ಮಾಡುತ್ತಿದ್ದ ಕಾಲ. 738 ಮಂದಿ ಬೇಡ ಅಂದರು, 319 ಮಂದಿ ಬೇಕು ಅಂದರು. ಕೊಡಲಿಲ್ಲ. ಅಧಿಕಾರದಲ್ಲಿರುವ ಪ್ರಧಾನಿಗೆ! ನಮ್ಮಲ್ಲಿ ಗೌರವ ಡಾಕ್ಟರೇಟಿನ ಪಟ್ಟಿ ಯಾವ ಮೇಷ್ಟ್ರ ಮುಂದೆ ಓಟಿಗೆ ಬರುತ್ತದೆ ಹೇಳಿ. ಘಟಿಕೋತ್ಸವದ ಹಿಂದಿನ ದಿನ ಪೇಪರಿನಲ್ಲಿ ಫೋಟೋ ನೋಡುತ್ತೇವೆ, ಅಷ್ಟೇ.

ಪೇಪರು ಅಂದಾಗ ನೆನಪಾಯಿತು. ಹಾಸನಕ್ಕೇ ಒಂದು ವಿಶ್ವವಿದ್ಯಾಲಯ ಆಗಿದ್ದೂ ನಮಗೆ ಗೊತ್ತಾಗಿದ್ದು ಪೇಪರಿನಲ್ಲೇ. ಹೇಮಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 2022-23ರ ಸುಮಾರಿಗೆ ರಾಜ್ಯದಲ್ಲಿ ಹೊಸದಾಗಿ ಮಾಡಿದ 10 ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದಾಯಿತು. ನಮ್ಮ ಊರಿಗೂ ಬಂತು ಅಂತ ನಾನೂ ವಾಟ್ಸಾಪಿನಲ್ಲಿ ಹಂಚಿದ್ದೆ. 2025ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿ, ಬೀದರಿನದ್ದೊಂದು ಬಿಟ್ಟು ಮಿಕ್ಕ 9ನ್ನು ಮುಚ್ಚುವ ನಿಲುವಿಗೆ ಬಂತು. ದುಡ್ಡಿಲ್ಲ, ನೌಕರರಿಲ್ಲ ಅನ್ನುವ ಕಾರಣ. ಕಾರಣ ಸರಿಯೇ ಇರಬಹುದು, ಕಟ್ಟಡ ಇಲ್ಲದೆ, ಕಾಯಂ ಮೇಷ್ಟ್ರುಗಳಿಲ್ಲದೆ ಬರೀ ಬೋರ್ಡು ಹಾಕಿದರೆ ವಿಶ್ವವಿದ್ಯಾಲಯ ಆಗುತ್ತದಾ. ಆದರೆ ತೆರೆಯುವಾಗ ಅಲ್ಲಿ ಪಾಠ ಮಾಡುವವರನ್ನು, ಓದುವವರನ್ನು ಕೂರಿಸಿಕೊಂಡು ಕೇಳಿದ ಒಂದು ಸಭೆಯ ನಡವಳಿ ಯಾರ ಹತ್ತಿರವಾದರೂ ಇದ್ದರೆ ನನಗೆ ತೋರಿಸಿ. ಮುಚ್ಚುವ ಮಾತು ಬಂದಾಗಿನದ್ದೂ ತೋರಿಸಿ. ಎರಡು ಹಾಲಿನ ಕ್ಯಾನಿಗೆ ನಮ್ಮ ಊರಿನಲ್ಲಿ ಅರ್ಧ ಗಂಟೆ ಕೊಟ್ಟರು.

ಮೊನ್ನೆ ಮತ್ತೆ ಗೆಳೆಯನಿಗೆ ಫೋನ್ ಮಾಡಿದೆ. ಮುಂದಿನ ಸಭೆಯಲ್ಲಿ ಮೊದಲ ವಿಷಯ ಹಿಂದಿನ ನಡವಳಿ ದೃಢೀಕರಿಸುವುದು ತಾನೇ, ಅದಕ್ಕೆ ಮುಂಚೆ ಒಂದು ಕಾಗದ ಬರೆದು ಕಳಿಸು, 14ನೇ ವಿಷಯದಲ್ಲಿ ಸರ್ವಾನುಮತ ಅನ್ನೋದನ್ನು ತಿದ್ದಿ ಅಂತ ಕೇಳು ಅಂದೆ. ಏನಂತ ಬರೀಲಿ ಅಂದ. ನಾನು ಇಲ್ಲಿ ಬರೆಯುವ ಥರ ಒಂದು ಸಾಲು ಹೇಳಿದೆ: 'ಸದಸ್ಯರೊಬ್ಬರಿಂದ ಭಿನ್ನ ಅಭಿಪ್ರಾಯ ವ್ಯಕ್ತವಾಯಿತು ಎಂಬುದನ್ನು ಗಮನಿಸಲಾಯಿತು.' "ಇದೇನೋ ಇದು, ಯಾರೋ ಸತ್ತೋದಂಗೈತೆ" ಅಂದ. ಅವನು ಹೇಳಿದ ಸಾಲು ತೀರಾ ಖಾರ ಆಯಿತು, ಅದನ್ನು ಇಲ್ಲಿ ಬರೆಯೋಲ್ಲ. ಇಬ್ಬರೂ ಅರ್ಧ ಗಂಟೆ ಹೆಣಗಾಡಿ ಕೊನೆಗೆ ಅಪ್ಪನ ಸಾಲಿಗೇ ಬಂದೆವು. 'ಶಾಸನ ಅಧ್ಯಯನದ ಪತ್ರಿಕೆಯನ್ನು ಕೈಬಿಡುವುದಕ್ಕೆ ಸದರಿ ಸದಸ್ಯರು ಒಪ್ಪದೆ ಆಕ್ಷೇಪಿಸಿದರು.' ಅವನು ಬರೆದುಕೊಂಡ. ಓದಿ ಹೇಳಿದ. ಚೆನ್ನಾಗಿದೆ ಅಂದ.

"ಅಲ್ಲ ಕಣೋ, ನಾನು ಸಭೇಲಿ ಆಕ್ಷೇಪಿಸ್ಲೇ ಇಲ್ವಲ್ಲ. ಊಟದ ಹೊತ್ತಲ್ಲಿ ತಾನೇ ಹೇಳಿದ್ದು" ಅಂದ ಆಮೇಲೆ.

ಅದು ನನಗೂ ಹೊಳೆದಿರಲಿಲ್ಲ. ಹಾಗಾದರೆ ಆಕ್ಷೇಪಿಸುತ್ತಾರೆ ಅಂತ ಮಾಡು, ಹೊಸದಾಗಿ ಒಂದು ವಿಷಯ ಅಂತಲೇ ಅಜೆಂಡಾಗೆ ಕೊಡು, ಕುಲಸಚಿವರಿಗೆ ಈಗಲೇ ಬರೆದರೆ ಟೈಮ್ ಇದೆ ಅಂದೆ. ಆ ಕಡೆ ಅವನ ಹೆಂಡತಿ ಊಟಕ್ಕೆ ಕರೆಯುತ್ತಿದ್ದದ್ದು ಕೇಳಿಸಿತು.

"ನೋಡೋಣ ಬಿಡು" ಅಂದ.